ಹಡಗಿನ ಸವಾರಿಯ ಆಯೇರಿ

ರಾಯಚೂರಿನ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಲಗ್ನಪತ್ರಿಕೆ ಜೋಡಿಸುವುದು ನನ್ನ ಕೆಲಸ. ಮೇಲೆ ಮನೆದೇವರು, ನಡುವೆ ವಧೂವರರು, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಹಿಂಡುಗಟ್ಟಲೆ ನೆಂಟರು. ಅದರಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋದರೂ ಸಾಕು, ಮದುವೆಗಿಂತ ಜಗಳವೇ ಜೋರಾಗುತ್ತದೆ. ಕೊನೆಯ ಸಾಲು ಮಾತ್ರ ಎರಡೇ ಬಗೆ. ಕೆಲವರು ‘ಆಶೀರ್ವಾದವೇ ಉಡುಗೊರೆ’ ಎಂದು ಹಾಕಿಸುತ್ತಾರೆ. ಉಳಿದವರು ಆ ಜಾಗವನ್ನು ಖಾಲಿ ಬಿಡಿಸುತ್ತಾರೆ. ಖಾಲಿ ಜಾಗದ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ನನ್ನ ಮದುವೆ ನಿಶ್ಚಯವಾದ ವರ್ಷ ಈ ಎರಡೂ ಅಲ್ಲದ ಒಂದು ಪತ್ರಿಕೆ ಮುದ್ರಣಕ್ಕೆ ಬಂತು. ಹುಡುಗ ಹೈದರಾಬಾದಿನವನು, ಹುಡುಗಿ ಇಲ್ಲಿಯವಳು. ಕೊನೆಯಲ್ಲಿ ಒಂದು ಕಪ್ಪು ಬಿಳಿ ಚುಕ್ಕೆಗಳ ಚೌಕ, ಅದರ ಕೆಳಗೆ ‘ಉಡುಗೊರೆಯ ಬದಲು ನಮ್ಮ ಮಧುಚಂದ್ರಕ್ಕೆ ನೆರವಾಗಿ’ ಎಂಬ ಸಾಲು. ಚೌಕ ಸರಿಯಾಗಿ ಮೂಡಿದೆಯೇ ಎಂದು ನೋಡುವುದು ನನ್ನದೇ ಕೆಲಸವಾದ್ದರಿಂದ ಫೋನು ಹಿಡಿದೆ. ಪುಟವೊಂದು ಬಿಚ್ಚಿಕೊಂಡಿತು. ವಿಮಾನದ ಟಿಕೆಟು, ಕಡಲು ಕಾಣುವ ಕೋಣೆ, ಬೋಟ್ ಸವಾರಿ, ಮರಳ ಮೇಲೆ ಊಟ. ಒಂದೊಂದರ ಪಕ್ಕದಲ್ಲೂ ಒಂದೊಂದು ಚಿತ್ರ. ಬೇಕಾದವರು ಬೇಕಾದ್ದನ್ನು ಆರಿಸಿ ಆ ಜೋಡಿಗೆ ಕೊಡಬಹುದು. ಕೊನೆಗೆ ಬರೀ ನೀಲಿಯ ಒಂದು ಚಿತ್ರ ಇತ್ತು. ಕೆಳಗೆ ನೀರು, ಮೇಲೆ ಆಕಾಶ, ಎಲ್ಲಿ ಯಾವುದು ಮುಗಿಯಿತೋ ತಿಳಿಯುವುದಿಲ್ಲ. ಮಾಲೀಕರು ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲ.

ನಾನು ಸಮುದ್ರ ನೋಡಿರಲಿಲ್ಲ. ಮಾನ್ವಿ ಕಡೆಯ ಮಲ್ಲಟದಲ್ಲಿ ಹುಟ್ಟಿದವಳಿಗೆ ನೀರೆಂದರೆ ಕಾಲುವೆ. ಅದೂ ಪಾಳಿಯ ಪ್ರಕಾರ ಬರುವ ಅತಿಥಿ. ಎರಡು ದಂಡೆ ಇಲ್ಲದ ನೀರು ಹೇಗಿರುತ್ತದೆ ಎಂದು ಚಿಕ್ಕಂದಿನಿಂದ ತಲೆ ಕೆಡಿಸಿಕೊಂಡಿದ್ದೇನೆ. ಟಿ.ವಿ.ಯಲ್ಲಿ ಕಂಡರೂ ಸಮಾಧಾನವಿಲ್ಲ, ಏಕೆಂದರೆ ಟಿ.ವಿ.ಗೇ ನಾಲ್ಕು ದಂಡೆ.

ನಾನು ಮದುವೆಯಾಗಲಿದ್ದ ಹುಡುಗ ದೇವದುರ್ಗ ಕಡೆಯವರು, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಪಂಪು ನೋಡಿಕೊಳ್ಳುವ ಕೆಲಸ. ದುಡಿಯುವ ಮನೆತನ, ಮಾತು ಕಡಿಮೆ. ಭಾನುವಾರ ಮಾವಿನಕೆರೆ ದಂಡೆಯ ಮೇಲೆ ಕೂತು ಆ ಪುಟದ ಸುದ್ದಿ ಹೇಳಿದೆ.

“ನಾವೂ ಹಿಂಗ ಮಾಡಿದ್ರ ಹೆಂಗ್ರಿ?”

ಅವರು ಒಂದು ಹರಳು ಎತ್ತಿ ಕೆರೆಗೆ ಎಸೆದರು. “ಕೇಳಿ ತಗೊಂಡಂಗ ಆಗಂಗಿಲ್ಲೇನು?”

“ಕೇಳಲಾರದ ಕೊಟ್ಟ ಗಡಿಯಾರ ಎಲ್ಲಿ ತೂಗು ಹಾಕ್ತೀರಿ? ನಿಮ್ಮ ಖೋಲಿಗೆ ನಾಕೇ ಗೋಡಿ ಅದಾವ.”

ಅವರು ನಕ್ಕರು. ಅಕ್ಕನ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು ಇಂದಿಗೂ ನಮ್ಮ ಅಟ್ಟದ ಮೇಲೆ ಒಂದೊಂದು ಹೊತ್ತು ತೋರಿಸುತ್ತ ಕೂತಿವೆ ಎಂದು ಹೇಳಿ ನಾನು ಅವರನ್ನು ಅರ್ಧ ಒಲಿಸಿಕೊಂಡೆ. ಉಳಿದರ್ಧ ಆ ನೀಲಿ ಚಿತ್ರವೇ ಒಲಿಸಿತು. ಅವರೂ ಸಮುದ್ರ ನೋಡಿರಲಿಲ್ಲ. ಅಲ್ಲೇ ಕೂತು ನಮ್ಮದೂ ಒಂದು ಪುಟ ತಯಾರಿಸಿದೆವು. ಎಲ್ಲರೂ ಹೋಗುತ್ತಾರೆಂದು ನಾವೂ ಗೋವಾ ಎಂದು ಬರೆದೆವು. ರೈಲಿನ ಪ್ರಯಾಣ, ಕಡಲು ಕಾಣುವ ಕೋಣೆ, ಬೋಟ್ ಸವಾರಿ, ಎಳನೀರು. ಎಳನೀರು ಅವರ ಸೇರ್ಪಡೆ. ಬಡವರೂ ಏನಾದರೂ ಕೊಡುವಂತಿರಬೇಕು ಎಂದರು.

ಇನ್ನು ಒಪ್ಪಿಸಬೇಕಾದ್ದು ಕಲ್ಲೂರಿನ ಅತ್ತೆಯನ್ನು. ಆಕೆ ಅಪ್ಪನ ಅಕ್ಕ. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಜಾಗದಲ್ಲಿ ನಿಂತು ನಮ್ಮನ್ನು ಓದಿಸಿದವಳು, ದಬಾಯಿಸಿದವಳು, ಅವ್ವನಿಗೆ ಅಳಲೂ ಬಿಡದೆ ಹೊಲಕ್ಕೆ ಎಬ್ಬಿಸಿಕೊಂಡು ಹೋದವಳು. ಅವಳು ಹೂಂ ಅನ್ನದೆ ನಮ್ಮ ಮನೆಯಲ್ಲಿ ಸಾರಿಗೂ ಒಗ್ಗರಣೆ ಬೀಳುವುದಿಲ್ಲ. ಪತ್ರಿಕೆಯ ಕರಡಿನ ಕೊನೆಯಲ್ಲಿ ಚೌಕ ಕೂಡಿಸಿ, ಒಂದು ಪ್ರತಿ ತೆಗೆದುಕೊಂಡು ಮಲ್ಲಟಕ್ಕೆ ಹೋದೆ.

ಅಂಗಳದಲ್ಲಿ ಮದುವೆಯ ಶಾವಿಗೆ ನಡೆದಿತ್ತು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಶಾವಿಗೆ ಮಣೆಯ ಮೇಲೆ ಕುದುರೆ ಹತ್ತಿದವಳಂತೆ ಕೂತು ಎಳೆ ಹೊಸೆಯುತ್ತಿದ್ದಳು. ನಾನು ಪತ್ರಿಕೆ ತೋರಿಸಿದೆ, ಚೌಕ ತೋರಿಸಿದೆ, ಅದಕ್ಕೆ ಫೋನು ಹಿಡಿದು ಪುಟ ತೋರಿಸಿದೆ. ಕೈಗೆ ಹಿಟ್ಟು ಹತ್ತಿದ್ದರಿಂದ ಆಕೆ ಮುಟ್ಟಲಿಲ್ಲ.

“ಓದು,” ಅಂದಳು.

ಓದಿದೆ. ರೈಲಿಗೆ ತಲೆ ಆಡಿಸಿದಳು. ಕೋಣೆಗೆ ಹುಬ್ಬು ಏರಿಸಿದಳು. ಬೋಟ್ ಸವಾರಿ ಬಂದಾಗ ಕೈ ನಿಂತಿತು.

“ನಿಂದ್ರು. ಬೋಟ್ ಅಂದ್ರ ಹಡಗ ಹೌದಿಲ್ಲೋ?”

“ಸಣ್ಣ ಹಡಗ, ಅತ್ತಿ.”

“ನಾ ನಿನಗ ಒಂದು ಹಡಗಿನ ಸವಾರಿ ಆಯೇರಿ ಮಾಡಿದೆ ಅಂತ ತಿಳಕೋ. ನಾಳೆ ನನ್ನ ಮೊಮ್ಮಗಳ ಮದುವಿಗೆ ಅದರ ಮುಯ್ಯಿ ಹೆಂಗ ತೀರಸ್ತಿ? ಕಲ್ಲೂರಾಗ ಹಡಗ ಎಲ್ಲಿ ನಿಲ್ಲಸ್ತಿ ಬೇ, ಕಾಲುವ್ಯಾಗ?”

ಹೆಂಗಸರು ನಕ್ಕ ನಗೆಗೆ ಒಬ್ಬಳ ಕೈಯ ಎಳೆ ಹರಿದು ಮಣ್ಣಿಗೆ ಬಿತ್ತು. ಆಯೇರಿ ಎಂದರೆ ಮದುವೆಯಲ್ಲಿ ಕೊಡುವ ಉಡುಗೊರೆ. ಮುಯ್ಯಿ ಎಂದರೆ ಅವರ ಮನೆಯ ಮದುವೆಯಲ್ಲಿ ಅಂಥದೇ ಒಂದನ್ನು ತಿರುಗಿ ಕೊಡುವುದು. ತಾಟಿಗೆ ತಾಟು, ಸೀರೆಗೆ ಸೀರೆ. ಹೀಗೆ ನಮ್ಮ ಊರುಗಳು ಅಜ್ಜಂದಿರ ಕಾಲದಿಂದ ಒಂದನ್ನೊಂದು ಕಟ್ಟಿಕೊಂಡಿವೆ. ಇದನ್ನು ನಾನು ಮರೆತೇ ಪುಟ ಮಾಡಿದ್ದೆ.

ನಗು ಇಳಿದ ಮೇಲೆ ಅತ್ತೆಯ ದನಿ ಬೇರೆಯಾಯಿತು. “ಆಯೇರಿ ಅಂದ್ರ ಕೈಲೆ ಕೊಡೋದು, ಉಡಿಯಾಗ ತಗೊಳ್ಳೋದು. ಈ ಫೋನಿಗೆ ಉಡಿ ಎಲ್ಲದ? ನಿನಗಂತ ತಾಮ್ರದ ಕೊಡ ತಿಕ್ಕಿ ಇಟ್ಟೀನಿ. ಅದು ಬ್ಯಾಡಾತೇನು? ಈ ಚೌಕ ಹಾಕಸೂದಾದ್ರ ಹಾಕಸು. ನಾ ಮಂಟಪಕ್ಕ ಬರಂಗಿಲ್ಲ. ಅಕ್ಕಿಕಾಳು ಫೋನಿನಾಗ ಒಗಿತೀನಿ, ಹಿಡಕೋ.”

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನದು ಮೊದಲೇ ಜೋಳದ ಒಣ ಸೆಪ್ಪೆಗೆ ಬೆಂಕಿ ಬಿದ್ದಂಥ ಸಿಟ್ಟು.

“ನನಗ ಕೊಡ ಬ್ಯಾಡ, ಗಡಿಯಾರ ಬ್ಯಾಡ, ಏನೂ ಬ್ಯಾಡ! ನಾ ಸಮುದ್ರ ನೋಡಬೇಕು!”

ಕೂಗಿದ ಮೇಲೆ ನನಗೇ ನಾಚಿಕೆಯಾಯಿತು. ಹಸೆಮಣೆ ಏರಬೇಕಾದ ಹುಡುಗಿ ಆಟಿಕೆಗೆ ಹಟ ಹಿಡಿದ ಕೂಸಿನಂತೆ ನಿಂತಿದ್ದೆ. ಅತ್ತೆ ಬೈಯಲಿಲ್ಲ. ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು.

“ಅಂಥಾದ್ದೇನದ ಅಲ್ಲಿ?”

“ನೀರದ. ದಂಡಿನೇ ಇಲ್ಲದ ನೀರು.”

“ನಮ್ಮ ನೀರೇನು?”

ನನಗೆ ಅರ್ಥವಾಗಲಿಲ್ಲ. ಆಕೆ ಕೈಯನ್ನು ಕಾಲುವೆಯ ಕಡೆ ತೋರಿಸಿದಳು. “ಈ ನೀರು ಹೊಲದಾಗ ನಿಂತು, ಹಳ್ಳಕ್ಕ ಹೋಗಿ, ಹೊಳಿ ಸೇರ್ತದ. ಹೊಳಿ ಎಲ್ಲಿಗೆ ಹೋಗ್ತದ? ನೀ ಹೋಗೋ ಊರಿಗೇನು?”

“ಇಲ್ಲ ಅತ್ತಿ. ಗೋವಾ ಈ ಕಡಿ. ನಮ್ಮ ತುಂಗಭದ್ರಾ ಕೃಷ್ಣಾ ಕೂಡಿ ಆಂಧ್ರದ ಕಡಿ ಹೋಗ್ತಾವ. ಅಲ್ಲಿ ಬ್ಯಾರೆ ಸಮುದ್ರ.”

“ಹಂಗಾದ್ರ ಅದು ಬ್ಯಾರೇರ ಮನಿ,” ಅಂದಳು ಅತ್ತೆ. ಮತ್ತೆ ಮಣೆ ಏರಿದಳು. ಎಳೆ ತೆಗೆಯುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು: “ನಾವು ಹುಟ್ಟಿದಾಗಿಂದ ಹೊಳಿಗೆ ಉಡಿ ತುಂಬತೀವಿ. ಹೋಗಿ ಬಾರವ್ವ ಅಂತ ಕಳಸ್ತೀವಿ. ಕೊಟ್ಟ ಮನ್ಯಾಗ ಹೆಂಗದಾಳ ಅಂತ ತವರಿನವರು ಒಬ್ಬರೂ ಹೋಗಿ ನೋಡಿಲ್ಲ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಈಕೆ ಇಡೀ ಆಯುಷ್ಯ ಮೊಣಕಾಲುದ್ದ ಕಾಲುವೆ ನೀರಿನಲ್ಲಿ ಭತ್ತ ನಾಟಿ ಮಾಡಿದವಳು. ಆ ನೀರು ಕಾಲು ಸವರಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅತ್ತೆ ಕೇಳಿಕೊಂಡಿದ್ದಳು. ಅವಳ ಬಾಗಿದ ಬೆನ್ನನ್ನು ಆ ದಿನ ಬೆರಗಿನಿಂದ ನೋಡಿದೆ.

ಹೊರಡುವಾಗ ಆಕೆ, “ಆ ಪುಟದಾಗ ಏನೇನಿತ್ತು, ಇನ್ನೊಮ್ಮೆ ಹೇಳು,” ಅಂದಳು. ಅಣಕಿಸಲು ಕೇಳುತ್ತಿದ್ದಾಳೆ ಎಂದುಕೊಂಡು ಬೇಸರದಲ್ಲೇ ಹೇಳಿದೆ.

ಮರುದಿನ ಮುದ್ರಣಾಲಯದಲ್ಲಿ ಕರಡು ತೆರೆದು ಚೌಕವನ್ನು ಅಳಿಸಿದೆ. ಸುಲಭವಾಗಿರಲಿಲ್ಲ. ಒಂದು ಗುಂಡಿ ಒತ್ತಿದ್ದಕ್ಕೆ ಸಮುದ್ರವೇ ಹೋದಂತಾಯಿತು. ಆದರೆ ಅತ್ತೆಯಿಲ್ಲದ ಮಂಟಪದಲ್ಲಿ ನಿಂತು ಆಮೇಲೆ ಎಂಥ ಸಮುದ್ರ ನೋಡಿದರೂ ಅದು ಕಣ್ಣಿಗೆ ಹಿಡಿಸುವುದಿಲ್ಲ ಎಂಬುದು ಖಾತ್ರಿಯಿತ್ತು. ‘ಆಶೀರ್ವಾದವೇ ಉಡುಗೊರೆ’ ಎಂದೂ ಹಾಕಲಿಲ್ಲ. ಜಾಗ ಖಾಲಿ ಬಿಟ್ಟೆ. ಶಕ್ತಿನಗರಕ್ಕೆ ಫೋನು ಮಾಡಿ ಹೇಳಿದಾಗ ನನ್ನ ಹುಡುಗ ಬೇಸರ ಮಾಡಿಕೊಳ್ಳಲಿಲ್ಲ.

“ಆಗಲಿ ಬಿಡು. ಸಮುದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ. ನಾ ಪಂಪು ನಡೆಸೋದು ಕೃಷ್ಣಾ ನೀರಿನ ಮ್ಯಾಲೇ. ನೀ ರಾತ್ರಿ ಹೇಳಿದ ಅತ್ತಿ ಮಾತು ಕೇಳಿ ಅದು ಎಲ್ಲಿ ತನಕ ಹೋಗ್ತದ ಅಂತ ನಕಾಶದಾಗ ಬೆರಳಿಟಗೊಂತ ಹೋದೆ. ಹಂಸಲದೀವಿ ಅಂತ ಒಂದು ಊರದ. ಅಲ್ಲಿ ಮುಗಿತದ. ಎಂದಾರ ಹೋದ್ರ ಅಲ್ಲಿಗೇ ಹೋಗೋಣು.”

ಮದುವೆ ಮಾನ್ವಿಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಶುರುವಾಯಿತು. ನಮ್ಮಲ್ಲಿ ಆಯೇರಿಯನ್ನು ಮೈಕಿನಲ್ಲಿ ಕೂಗುತ್ತಾರೆ. ಯಾವ ಊರಿನ ಯಾರಿಂದ ಏನು ಎಂದು ಅಡುಗೆ ಮನೆಯವರೆಗೂ ಕೇಳಿಸಬೇಕು. ನಮ್ಮ ಊರಿನ ಮಾಸ್ತರರು ಮೈಕು ಹಿಡಿದಿದ್ದರು. ತಾಟು ಬಂತು, ಚೊಂಬು ಬಂತು, ಗಡಿಯಾರ ಬಂದೇ ಬಂತು. ನನ್ನವರು ಗಡಿಯಾರ ಕಂಡಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು.

ಆಮೇಲೆ ಅತ್ತೆ ಬಂದಳು. ಕೈಯಲ್ಲಿ ತಾಮ್ರದ ಕೊಡ ಇರಲಿಲ್ಲ. ಒಂದು ಹಸಿರು ಕುಬಸದ ಬಟ್ಟೆ, ಅದರ ತುದಿಗೆ ಬಿಗಿದ ದುಡ್ಡಿನ ಗಂಟು. ಮಾಸ್ತರರ ಕಿವಿಯಲ್ಲಿ ಏನೋ ಹೇಳಿದಳು. ಅವರು ಮೈಕನ್ನು ಕೈಯಿಂದ ಮುಚ್ಚಿ “ಏನಂದ್ರಿ?” ಎಂದರು. ಅತ್ತೆಗೆ ತಾಳ್ಮೆ ಎಂದಿಗೂ ಇಲ್ಲ. ಮೈಕನ್ನೇ ಕಸಿದುಕೊಂಡಳು.

“ಕಲ್ಲೂರಿನ ಸೋದರತ್ತಿ ಕಡಿಂದ, ಹುಡುಗ ಹುಡುಗಿಗೆ, ಒಂದು ಹಡಗಿನ ಸವಾರಿ!”

ಆಕೆ ನನ್ನ ಉಡಿಯಲ್ಲಿ ಆ ಗಂಟನ್ನು ಇಟ್ಟು, ಎರಡೂ ಕೈಯಿಂದ ಒತ್ತಿದಳು. ಕೈಲೇ ಕೊಟ್ಟಳು. ನಾನು ಉಡಿಯಲ್ಲೇ ತೆಗೆದುಕೊಂಡೆ.

ಅವಳ ಹಿಂದೆ ಶಾವಿಗೆಯ ದಿನ ನಕ್ಕಿದ್ದ ಓಣಿಯ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬಳು ಮೈಕಿಗೆ ಹೆದರಿ ದೂರದಿಂದಲೇ ಕೂಗಿದಳು: “ಮಲ್ಲಟದ ಹೆಣ್ಮಕ್ಕಳ ಕಡಿಂದ ಹೋಗಿ ಬರೋ ರೈಲು!” ಒಬ್ಬ ಮುದುಕ ಕೋಲೂರಿಕೊಂಡು ಬಂದು, “ನನ್ನವು ಎಳನೀರು, ಹುಡುಗಗೊಂದು ಹುಡುಗಿಗೊಂದು,” ಎಂದು ಹೇಳಿ, ಜಗಳ ಗೆದ್ದವನಂತೆ ಸುತ್ತ ನೋಡಿದ. ಅವ್ವ ಹೆಣ್ಣು ಕೊಡುವ ಮನೆಯವಳಾದ್ದರಿಂದ ಸುಮ್ಮನಿರಬೇಕಿತ್ತು. ತಡೆಯಲಾರದೆ “ಕೋಣಿ, ಕೋಣಿ ನಂದು!” ಎಂದಳು. ದೇವದುರ್ಗದ ನನ್ನ ಅತ್ತೆ, ಅಂದರೆ ನನ್ನವರ ತಾಯಿ, ಸಂಕೋಚದ ಹೆಂಗಸು. ಕೊನೆಯಲ್ಲಿ ಬಂದು ಮೈಕಿನ ಹತ್ತಿರ ಬಾಯಿ ಇಟ್ಟು, “ದಾರಿ ಬುತ್ತಿ ನಮ್ಮ ಮನಿದು,” ಎಂದು ಪಿಸುಗುಟ್ಟಿದರು. ಅದೂ ಮಂಟಪದ ತುಂಬ ಕೇಳಿಸಿತು.

ನಾನು ಅಳಿಸಿದ್ದ ಪುಟವನ್ನು ಊರೇ ಬಾಯಿಪಾಠ ಮಾಡಿಕೊಂಡು ಬಂದಿತ್ತು. ತಲೆ ತಗ್ಗಿಸಿ ಕೂರಬೇಕಾದ ಮದುಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಫೋಟೊಗಳಲ್ಲೂ ಹಾಗೆಯೇ ಬಂದಿದ್ದೇನೆ. ಇಷ್ಟು ದೊಡ್ಡದು ನನಗೆ ಯಾರೂ ಕೊಟ್ಟಿರಲಿಲ್ಲ, ಇಷ್ಟು ದೊಡ್ಡದು ಇರುತ್ತದೆ ಎಂದೂ ಗೊತ್ತಿರಲಿಲ್ಲ.

ಕಳಿಸಿಕೊಡುವಾಗ ಅತ್ತೆ ನನ್ನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು. ಹೋದರೆ ನಮ್ಮ ಹೊಳೆ ಮುಗಿಯುವಲ್ಲಿಗೇ ಹೋಗುವುದೆಂದು ಆಕೆಗೆ ಮೊದಲೇ ಹೇಳಿದ್ದೆ. ಆಮೇಲೆ ಇನ್ನೊಂದು ಹಸಿರು ಬಟ್ಟೆ ಹಾಸಿ, ಅದರಲ್ಲೂ ಹಾಗೆಯೇ ಎಲ್ಲ ಇಟ್ಟು, ನೂಲು ಸುತ್ತಿ ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿಯನ್ನೂ ಇಟ್ಟು ಗಂಟು ಕಟ್ಟಿದಳು.

“ಅದು ನಿಂದು. ಇದು ಆಕಿದು. ತವರಿನವರು ಬರಿಗೈಲೆ ಹೋಗಬಾರದು.”

“ಇದರ ಮುಯ್ಯಿ ಹೆಂಗ ತೀರಸ್ಲಿ ಅತ್ತಿ?”

“ಹೋಗಿ ನೋಡಿಕೊಂಡು ಬಂದು ಹೇಳು. ಅಷ್ಟು ಸಾಕು.” ನಂತರ ಸೆರಗು ಒಡ್ಡಿ ನಿಂತಳು. “ಈಗ ನಿನ್ನ ಉಡಿಯಾಗಿಂದ ಒಂದು ಹಿಡಿ ತಿರುಗಿ ಹಾಕು. ಎಲ್ಲಾ ಒಯ್ದ್ರ ತವರು ಬರಿದಾಗ್ತದ.” ಉಡಿ ತುಂಬಿಸಿಕೊಂಡವಳು ಒಂದು ಹಿಡಿ ತಿರುಗಿ ಕೊಡುವುದು ನಮ್ಮ ರೀತಿ. ನಾನು ಹಾಕಿದ ಹಿಡಿ ಅಕ್ಕಿಯನ್ನು ಆಕೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಆಗ ಮಾತ್ರ ಅತ್ತಳು.

ಚಳಿಗಾಲದಲ್ಲಿ ಹಂಸಲದೀವಿಗೆ ಹೋದೆವು. ವಿಜಯವಾಡದ ತನಕ ರೈಲು, ಆಮೇಲೆ ಬಸ್ಸು, ಆಮೇಲೆ ಉಪ್ಪು ಗಾಳಿ ಬಡಿಯುವ ಒಂದು ಆಟೋ. ದಾರಿಯುದ್ದಕ್ಕೂ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ರಾಯಚೂರಿನವರಿಗೆ ತೆಲುಗು ಹೊಸದಲ್ಲ, ಒಬ್ಬ ಮೀನುಗಾರನನ್ನು ಮಾತಾಡಿಸಿ ದೋಣಿ ಗೊತ್ತು ಮಾಡಿಕೊಂಡೆವು. ಹೊಸ ಜೋಡಿ ಇಲ್ಲಿಗೇಕೆ ಬಂದಿರಿ, ಇಲ್ಲಿ ಹೋಟೆಲಿಲ್ಲ, ಏನಿಲ್ಲ ಎಂದು ಆತ ತೆಲುಗಿನಲ್ಲಿ ಕೇಳಿದ. ನೆಂಟರ ಮನೆಗೆ ಬಂದಿದ್ದೇವೆ ಎಂದೆ. ಆತ ಹುಟ್ಟು ಎತ್ತಿಕೊಂಡ.

ದೋಣಿ ಹೊಳೆಯ ಮೇಲೆ ಹೊರಟಿತು. ನೀರು ನಮ್ಮ ನೀರೇ. ಅದೇ ಮಣ್ಣು ಬಣ್ಣ, ಅದೇ ಸೋಮಾರಿ ನಡಿಗೆ. ದಂಡೆಗಳು ದೂರ ದೂರ ಸರಿದವು. ಒಂದು ಹೊತ್ತಿನಲ್ಲಿ ಎಡದ ದಂಡೆ ಮುಗಿಯಿತು, ಸ್ವಲ್ಪ ಹೊತ್ತಿಗೆ ಬಲದ್ದೂ ಮುಗಿಯಿತು. ಎದುರಿಗೆ ಏನೂ ಇರಲಿಲ್ಲ. ಅಂದರೆ ಎಲ್ಲವೂ ಇತ್ತು. ನಾನು ನನ್ನವರ ತೋಳು ಹಿಡಿದೆ. ಅವರೂ ನನ್ನ ತೋಳನ್ನೇ ಹುಡುಕುತ್ತಿದ್ದರು. ದಿನವೂ ಅಷ್ಟೆತ್ತರದ ಹೊಗೆ ಕೊಳವೆಗಳ ಕೆಳಗೆ ಕೆಲಸ ಮಾಡುವ ಮನುಷ್ಯ, “ಯಪ್ಪಾ,” ಅಂದರು, ಅಷ್ಟೇ.

ದೋಣಿಯವನು ನಮ್ಮನ್ನು ಒಂದು ಮರಳು ದಿಬ್ಬದ ಮೇಲೆ ಇಳಿಸಿದ. ಈ ಬದಿಗೆ ಹೊಳೆ, ಆ ಬದಿಗೆ ಸಮುದ್ರ, ಮೂಲೆಯಲ್ಲಿ ಎರಡೂ ಕೂಡುತ್ತಿದ್ದವು. ಮಣ್ಣು ಬಣ್ಣ ಸ್ವಲ್ಪ ದೂರ ತಲೆಯೆತ್ತಿಕೊಂಡೇ ಹೋಗಿ, ಆಮೇಲೆ ಎಲ್ಲೋ ಹಸಿರಾಗಿ ಹೋಗುತ್ತಿತ್ತು. ಎಲ್ಲಿ ಎಂದು ಎಷ್ಟು ನೋಡಿದರೂ ಹಿಡಿಯಲಾಗಲಿಲ್ಲ. ಆ ನೀರಿನಲ್ಲಿ ಮಲ್ಲಟದ ಗದ್ದೆಯ ನೀರೂ ಇತ್ತು. ಅತ್ತೆಯ ಕಾಲು ಸವರಿದ್ದ ನೀರೂ ಇತ್ತು. ಹೆದರಿಕೆಯಾಯಿತು, ಸಂತೋಷವಾಯಿತು, ಕೈ ಮುಗಿದು ನಿಂತೆ. ದೇವರ ಮುಂದೆಯೂ ನನ್ನ ಕೈ ಅಷ್ಟು ತಾನಾಗಿ ಮುಗಿದದ್ದಿಲ್ಲ.

ಮೊಣಕಾಲುದ್ದ ನೀರಿಗಿಳಿದು ಅತ್ತೆಯ ಗಂಟು ಬಿಚ್ಚಿದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕೊಂಬು, ಕಾಯಿ, ಕೊನೆಗೆ ಹಸಿರು ಬಟ್ಟೆ. “ತವರಿನವರು ಬಂದೀವವ್ವ,” ಎಂದು ಹೇಳಿದ್ದು ನಾನೇ. ದನಿ ಮಾತ್ರ ಅತ್ತೆಯದಿದ್ದಂತಿತ್ತು. ನೀರು ಎಲ್ಲವನ್ನೂ ಒಂದೇ ಸಲಕ್ಕೆ ಒಳಗೆ ಎಳೆದುಕೊಂಡಿತು. ಮುಗಿಯಿತು ಎಂದು ತಿರುಗಿ ದಡಕ್ಕೆ ಬಂದು ಸೀರೆ ಹಿಂಡುತ್ತಿದ್ದೆ. ತೆರೆಯೊಂದು ಬಂದು, ಕಾಲ ಬಳಿ ಏನನ್ನೋ ಉರುಳಿಸಿ ಬಿಟ್ಟು ಹೋಯಿತು.

ಅರಿಶಿನ ಹಚ್ಚಿದ ಕಾಯಿ. ನೂಲಿನ ಸುತ್ತು ಹಾಗೇ ಇತ್ತು.

ಕಾಯಿ ತೇಲುವ ವಸ್ತು, ತೆರೆ ದಡಕ್ಕೆ ತಂದು ಹಾಕುವುದು ಸಹಜ ಎಂದು ನನ್ನವರು ಆಮೇಲೆ ರೈಲಿನಲ್ಲಿ ಹೇಳಿದರು. ಇರಬಹುದು. ಆ ಕ್ಷಣ ಮಾತ್ರ ಅವರೂ ಚಪ್ಪಲಿ ಬಿಟ್ಟು ನಿಂತಿದ್ದರು.

ಊರಿಗೆ ಬಂದವಳು ಮೊದಲು ಕಲ್ಲೂರಿಗೆ ಹೋದೆ. ಅತ್ತೆ ಬಾಗಿಲಲ್ಲೇ ಕೂತಿದ್ದಳು, ಪಕ್ಕದಲ್ಲಿ ತಿಕ್ಕಿ ಬೆಳಗಿದ ತಾಮ್ರದ ಕೊಡ. ನಾನು ಅವಳ ಸೆರಗಿನಲ್ಲಿ ಕಾಯಿ ಇಟ್ಟೆ. ಎಲ್ಲಿಯದು ಎಂದು ಕೇಳಲಿಲ್ಲ. ನೂಲನ್ನು ಬೆರಳಿನಿಂದ ಸವರಿದಳು, ಕಣ್ಣಿಗೆ ಒತ್ತಿಕೊಂಡಳು.

“ತಿರುಗಿ ಕೊಟ್ಟಾಳ,” ಅಂದಳು. “ರೀತಿ ಮರ್ತಿಲ್ಲ ನಮ್ಮ ಹುಡುಗಿ.”

ಆಮೇಲೆ ಹೆಣ್ಣು ಕೊಟ್ಟ ಮನೆಯಿಂದ ಬಂದವರನ್ನು ಕೇಳುವಂತೆಯೇ ಮೆಲ್ಲಗೆ ಕೇಳಿದಳು: “ಸುಖದಿಂದ ಅದಾಳೇನು? ಮನಿ ಹೆಂಗದ?”

ಎಷ್ಟೋ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ. ಅವಳ ಪಕ್ಕ ಕೂತು ಒಂದನ್ನೇ ಹೇಳಿದೆ.

“ಭಾಳ ದೊಡ್ಡ ಮನಿ, ಅತ್ತಿ. ಹಿಂದಿನ ಗೋಡಿನೇ ಕಾಣಂಗಿಲ್ಲ.”